ಎಡ ಕೆನ್ನೆಯ ಏಲಕ್ಕಿ

ಕ್ಲಾಸಿನಲ್ಲಿ ನಮ್ಮ ಮೇಡಂ ಅವರ ಎಡ ಕೆನ್ನೆ ಒಂದು ಚೂರು ಉಬ್ಬಿಕೊಂಡಿರುತ್ತಿತ್ತು. ಹಲ್ಲುನೋವಿನವರ ಕೆನ್ನೆ ಉಬ್ಬುವ ಹಾಗಲ್ಲ. ಬಾಯೊಳಗೆ ಪೆಪ್ಪರ್‌ಮಿಂಟ್ ಅಡಗಿಸಿಕೊಂಡು ಅಮ್ಮನ ಎದುರು ಏನೂ ಅರಿಯದವರಂತೆ ನಿಂತ ಮಕ್ಕಳ ಕೆನ್ನೆಯ ಹಾಗೆ.

ಸುಳ್ಯದಲ್ಲಿ ನಾನು ನರ್ಸಿಂಗ್ ಕಲಿತ ಕಾಲೇಜಿನ ಹಿಂಬದಿಯ ಕೋಣೆ ಅದು. ಉದ್ದದ ಒಂದು ಮೇಜು, ಅದರ ಸುತ್ತ ನಾವು ಎಂಟು ಮಂದಿ. ನನ್ನ ಬಲಕ್ಕೆ ಕಡಬದ ರಮ್ಲಾ, ಎದುರಿಗೆ ಪಂಜದ ಭವ್ಯ. ಹುಡುಗರೆಂದರೆ ನಾನು ಮತ್ತು ಇನ್ನೊಬ್ಬ. ಅವನು ಮೂಗಿನ ಮೇಲೆ ಮಾಸ್ಕ್ ಎಳೆದುಕೊಂಡು ನಿದ್ದೆ ಮಾಡುವುದರಲ್ಲಿ ಆಗಲೇ ಪಳಗಿದ್ದ. ಮೂಲೆಯ ಮಂಚದಲ್ಲಿ ಅಭ್ಯಾಸಕ್ಕೆಂದು ಇಟ್ಟ ರಬ್ಬರಿನ ಗೊಂಬೆ ಕುತ್ತಿಗೆಯವರೆಗೆ ಬೆಡ್‌ಶೀಟ್ ಹೊದ್ದು ಮಲಗಿತ್ತು. ಹಿಂದಿನ ಬ್ಯಾಚಿನವರು ಅದಕ್ಕೆ ‘ಭಾವ’ ಅಂತ ಹೆಸರಿಟ್ಟು ಹೋಗಿದ್ದರು. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಮೇಡಂ.

ಅವರು ಪುಸ್ತಕ ತಂದಿರಲಿಲ್ಲ. ಒಂದು ಚೀಟಿ ತೆಗೆದು ಓದಿದರು: “ತೆಂಗಿನ ಮರದಿಂದ ಬಿದ್ದ ಅಂತ ಒಬ್ಬನನ್ನು ಜೀಪಿನಲ್ಲಿ ಹಾಕಿ ತಂದಿದ್ದಾರೆ. ಮಾತಾಡ್ತಾನೆ. ಕಾಲು ಆಡಿಸುವುದಿಲ್ಲ. ಜೀಪಿನ ಹತ್ತಿರ ಇರುವುದು ನೀವೇ.” ಚೀಟಿ ಮಡಚಿಟ್ಟು ಸೀಮೆಸುಣ್ಣವನ್ನು ನನ್ನ ಕೈಗೆ ಕೊಟ್ಟರು.

“ಬರಿ.”

“ಎಂತ ಬರಿಯುದು ಮೇಡಂ?”

“ನಂಗೆಂತ ಗೊತ್ತು? ಜೀಪಿನ ಹತ್ತಿರ ಇರುವುದು ನೀನು.”

ಅಷ್ಟು ಹೇಳಿ ಬ್ಯಾಗಿನಿಂದ ಮಾತ್ರೆಯ ಹಳೇ ಡಬ್ಬಿಯೊಂದನ್ನು ತೆಗೆದರು. ಅದರೊಳಗಿಂದ ಒಂದು ಏಲಕ್ಕಿ ತೆಗೆದು ಎಡ ಕೆನ್ನೆಗೆ ಸೇರಿಸಿದರು. ಆಮೇಲೆ ಬೆಲ್ಲು ಹೊಡೆಯುವವರೆಗೆ ಆ ಬಾಯಿಯಿಂದ ಒಂದು ಶಬ್ದ ಬರಲಿಲ್ಲ. ನಾವು ಪರಸ್ಪರ ಮುಖ ನೋಡಿಕೊಂಡೆವು. ರಮ್ಲಾ ಎದ್ದು ಭಾವನನ್ನು ಒಮ್ಮೆ ನೋಡಿ ಬಂದಳು, ಅವನಿಗಾದರೂ ಏನಾದರೂ ಗೊತ್ತಿದೆಯೋ ಎಂಬಂತೆ. ನಾನು ಬೋರ್ಡಿನ ಮೇಲೆ ‘ಮರ’ ಅಂತ ಬರೆದೆ. ಅಳಿಸಿದೆ. ‘ಜೀಪು’ ಅಂತ ಬರೆದೆ. ಮೇಡಂ ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

ಅದು ನನಗೆ ಸಿಕ್ಕಿದ ಮೊದಲ ಪಾಠ.

ನಮ್ಮ ಕಡೆ ಶಾಲೆ ಅಂದರೆ ಮೇಷ್ಟ್ರು ಹೇಳುವುದು, ಮಕ್ಕಳು ಬರೆಯುವುದು. ನಾನೂ ಹಾಗೇ ಬೆಳೆದವನು. ಮೇಡಂ ಎಲ್ಲಿಗೋ ತರಬೇತಿಗೆ ಹೋದವರು ಸಮಸ್ಯೆಯನ್ನು ಮುಂದಿಟ್ಟುಕೊಂಡು ಕಲಿಯುವ ಈ ಕ್ರಮವನ್ನು ಕಲಿತು ಬಂದಿದ್ದರು. ಮೊದಲು ಪಾಠ, ಕೊನೆಗೆ ರೋಗಿ ಅಂತ ಇಲ್ಲ, ಮೊದಲೇ ರೋಗಿ. ಬೇಕಾದ ಪಾಠವನ್ನು ಹುಡುಕಿಕೊಂಡು ಹೋಗಬೇಕಾದವರು ನಾವು. ಲೈಬ್ರರಿಗೆ ಹೋಗಿ, ವಾರ್ಡಿಗೆ ಹೋಗಿ, ಯಾರನ್ನಾದರೂ ಕೇಳಿ, ಮುಂದಿನ ಕ್ಲಾಸಿಗೆ ಬಂದು ಒಬ್ಬರಿಗೊಬ್ಬರು ಹೇಳಬೇಕು. ಅದಕ್ಕೆ ಕಾಲೇಜಿನವರು ಇಟ್ಟ ಹೆಸರು ಉದ್ದವಿತ್ತು. ನಾವು ‘ಏಲಕ್ಕಿ ಕ್ಲಾಸು’ ಅಂತಿದ್ದೆವು.

ಬೋರ್ಡಿನಲ್ಲಿ ಅವರು ನಮ್ಮಿಂದ ಮೂರು ಮನೆ ಎಳೆಸುತ್ತಿದ್ದರು. ಒಂದರ ತಲೆಗೆ ‘ಗೊತ್ತು’, ಇನ್ನೊಂದರ ತಲೆಗೆ ‘ಅಂದಾಜು’, ಕೊನೆಯದಕ್ಕೆ ‘ಗೊತ್ತಿಲ್ಲ’. ಮೊದಮೊದಲು ನಾವು ಕೊನೆಯ ಮನೆಯನ್ನು ಖಾಲಿ ಬಿಡುತ್ತಿದ್ದೆವು. ಗೊತ್ತಿಲ್ಲ ಅಂತ ಬರೆದು ಮರ್ಯಾದೆ ಕಳೆದುಕೊಳ್ಳಲು ಯಾರಿಗೆ ಮನಸ್ಸು? ಕ್ಲಾಸು ಮುಗಿಯುವ ಹೊತ್ತಿಗೆ ಮೇಡಂ ಬಾಯಲ್ಲಿದ್ದ ಏಲಕ್ಕಿಯನ್ನು ಕಟಕ್ಕೆಂದು ಜಗಿಯುತ್ತಿದ್ದರು. ಆ ಕಟಕ್ ಅಂದರೆ ಇನ್ನು ಅವರ ಸರದಿ ಎಂದರ್ಥ.

“ಮೂರನೇ ಮನೆಯಲ್ಲಿ ಯಾರೂ ಇಲ್ಲವಲ್ಲ ಮಾರಾಯ್ರೆ. ಎಲ್ಲ ತಜ್ಞರೇ ಕೂತದ್ದು ಇಲ್ಲಿ, ನಂಗೆ ಗೊತ್ತಾಗ್ಲಿಲ್ಲ,” ಅನ್ನುತ್ತಿದ್ದರು.

ಯಾರಾದರೂ ಜಾಣತನ ತೋರಿಸಿ ಒಂದು ರೋಗದ ಹೆಸರು ಹೇಳಿದರೆ ಅವರ ಮಾತು ಒಂದೇ: “ಅಂದಾಜು ಒಳ್ಳೆದುಂಟು. ಕೇಳಿದ್ದೀಯಾ?” ಆ ‘ಕೇಳಿದ್ದೀಯಾ’ ಇವತ್ತಿಗೂ ನನ್ನ ಕಿವಿಯಲ್ಲಿದೆ. ರೋಗಿಯನ್ನು ಕೇಳಿದ್ದೀಯಾ, ಮನೆಯವರನ್ನು ಕೇಳಿದ್ದೀಯಾ, ಜೀಪಿನ ಡ್ರೈವರನ್ನು ಕೇಳಿದ್ದೀಯಾ.

ಈ ಕ್ಲಾಸಿನ ಸುದ್ದಿ ಮನೆಮನೆಗೆ ಹೋಯಿತು. ಭವ್ಯನ ಅಪ್ಪ ಹೈಸ್ಕೂಲಿನಿಂದ ನಿವೃತ್ತರಾದ ಮೇಷ್ಟ್ರು. ಮಗಳ ನೋಟ್ಸು ಖಾಲಿ ಇದ್ದದ್ದನ್ನು ಕಂಡು ಪಂಜದಿಂದ ಬಸ್ಸು ಹಿಡಿದು ಬಂದೇ ಬಿಟ್ಟರು. ಬಿಳಿ ಪಂಚೆ, ಕಂಕುಳಲ್ಲಿ ಕೊಡೆ. “ಮೇಡಂ ಪಾಠವೇ ಮಾಡುವುದಿಲ್ಲವಂತೆ, ಇದು ಯಾವ ಸೀಮೆಯ ಕ್ರಮ?” ಅಂತ ಬಾಗಿಲಲ್ಲೇ ಕೇಳಿದರು. ಮೇಡಂ ಎದ್ದು ನಿಂತು ಕೈ ಮುಗಿದರು. “ಒಳಗೆ ಬನ್ನಿ ಮಾಷ್ಟ್ರೇ. ಕೂತು ನೋಡಿ. ಸರಿ ಇಲ್ಲ ಅಂತ ಕಂಡ್ರೆ ಪ್ರಿನ್ಸಿಪಾಲರ ಹತ್ರ ನಾನೇ ಕರ್ಕೊಂಡು ಹೋಗ್ತೇನೆ.”

ಆ ದಿನ ನಮಗೆ ಸಿಕ್ಕಿದ್ದು ಜ್ವರ ಬಂದ ಮಗುವಿನ ಸಮಸ್ಯೆ. ಭವ್ಯ ಬೋರ್ಡಿನ ಹತ್ತಿರ ನಿಂತು ತಡವರಿಸುತ್ತಿದ್ದಳು. ಮಗು ಎಷ್ಟು ಹೊತ್ತಿನಿಂದ ಮೂತ್ರ ಮಾಡಿಲ್ಲ ಅನ್ನುವುದನ್ನು ಕೇಳಬೇಕು ಅಂತ ಅವಳಿಗೆ ಹೊಳೆಯುತ್ತಾ ಉಂಟು, ಬಾಯಿಗೆ ಬರುತ್ತಾ ಇಲ್ಲ. ಮೇಷ್ಟ್ರು ಕುರ್ಚಿಯ ತುದಿಗೆ ಬಂದರು. ಕೊಡೆಯನ್ನು ನೆಲಕ್ಕೆ ಕುಟ್ಟಿದರು. “ಅದೇ ಹೇಳು, ನೀರು, ನೀರಿನ ವಿಷಯ...” ಅನ್ನುವಷ್ಟರಲ್ಲಿ ಮೇಡಂ ಡಬ್ಬಿ ತೆಗೆದು ಅವರ ಮುಂದೆ ಹಿಡಿದರು.

“ಮಾಷ್ಟ್ರೇ, ಒಂದು ಬಾಯಿಗೆ ಹಾಕಿ.”

ಮೇಷ್ಟ್ರು ಏನೆಂದು ತಿಳಿಯದೆ ಏಲಕ್ಕಿ ಬಾಯಿಗೆ ಹಾಕಿಕೊಂಡರು. ಕೋಣೆಯಲ್ಲಿ ಈಗ ಉಬ್ಬಿದ ಕೆನ್ನೆ ಎರಡು. ಸ್ವಲ್ಪ ಹೊತ್ತಿಗೆ ಭವ್ಯ ತಾನಾಗಿಯೇ ತಿರುಗಿ, “ಮೂತ್ರ! ಮಗು ಮೂತ್ರ ಮಾಡಿದೆಯಾ ಅಂತ ಕೇಳ್ಬೇಕು!” ಅಂತ ಕೂಗಿದಳು. ನಾವೆಲ್ಲ ನಕ್ಕೆವು. ಮೇಷ್ಟ್ರು ನಗಲಿಲ್ಲ, ಮಗಳನ್ನು ನೋಡುತ್ತಾ ಕೂತರು. ಹೋಗುವಾಗ, “ನಲವತ್ತು ಮಕ್ಕಳನ್ನು ಇಟ್ಟುಕೊಂಡು ಇದು ಆಗ್ಲಿಕ್ಕಿಲ್ಲ ಮೇಡಂ,” ಅಂದರು. “ಆಗ್ಲಿಕ್ಕಿಲ್ಲ,” ಅಂತ ಮೇಡಂ ಒಪ್ಪಿದರು. ಮೇಷ್ಟ್ರಿಗೂ ಅದು ಸಾಕಾಯಿತು ಅಂತ ಕಾಣುತ್ತದೆ. ಪ್ರಿನ್ಸಿಪಾಲರ ಕೋಣೆಯ ಕಡೆ ತಿರುಗದೆ ಪಂಜದ ಬಸ್ಸು ಹತ್ತಿದರು.

ನಾನೊಮ್ಮೆ ಧೈರ್ಯ ಮಾಡಿ ಕೇಳಿದ್ದೆ, “ಮೇಡಂ, ಏಲಕ್ಕಿ ಯಾಕೆ?”

“ನಂಗೆ ಬಾಯಿ ಜಾಸ್ತಿ ಮಾರಾಯ. ಸಣ್ಣದಿರುವಾಗ ನನ್ನ ಅಮ್ಮ ಹೇಳ್ತಿದ್ರು, ಇವಳನ್ನು ಕೊಟ್ಟ ಮನೆಯವರಿಗೆ ರೇಡಿಯೋ ಬೇಡ ಅಂತ. ಉತ್ತರ ನಾಲಿಗೆ ತುದಿಗೆ ಬಂದು ಕೂತ್ಕೊಳ್ತದೆ. ಅದು ಹೊರಗೆ ಬಿದ್ರೆ ನಿಮ್ಮ ತಲೆ ಅಲ್ಲಿಗೇ ನಿಲ್ತದೆ. ಅದಕ್ಕೆ ಒಂದು ಅಡ್ಡ ಇಟ್ಟದ್ದು.”

ಇನ್ನು ಕಲ್ಲುಗುಂಡಿಯ ಅಮ್ಮನ ವಿಷಯ ಹೇಳಬೇಕು. ಅದನ್ನು ಹೇಳದಿದ್ದರೆ ಮೇಡಂ ಬಗ್ಗೆ ಹೇಳಿದ ಹಾಗಾಗುವುದಿಲ್ಲ.

ಆ ವರ್ಷ ನಮಗೆ ಚೀಟಿಯ ರೋಗಿಗಳು ಮುಗಿದು ನಿಜವಾದ ರೋಗಿಗಳು ಶುರುವಾಗಿದ್ದರು. ಕಲ್ಲುಗುಂಡಿಯ ಹತ್ತಿರದ ರಬ್ಬರ್ ತೋಟದ ಮನೆಯ ಒಬ್ಬ ಹಿರಿಯ ಹೆಂಗಸನ್ನು ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲಿ ಆಸ್ಪತ್ರೆಗೆ ತಂದಿದ್ದರು. ಅವರಿಗೆ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್ ಇಂಜೆಕ್ಷನ್. ರಕ್ತದಲ್ಲಿ ಸಕ್ಕರೆ ತೀರಾ ಇಳಿದು ಹೋಗಿತ್ತು. ಡ್ರಿಪ್ ಹಾಕಿದ ಮೇಲೆ ಕಣ್ಣು ಬಿಟ್ಟು, “ನಾನೆಲ್ಲಿದ್ದೇನೆ?” ಅಂತ ಕೇಳಿದರು. ಇದು ಹೀಗೆ ಆಗುತ್ತಿದ್ದದ್ದು ಮೂರನೇ ಸಲ. ವಾರ್ಡಿನಲ್ಲಿ ಇದ್ದಷ್ಟು ದಿನ ಎಲ್ಲ ಸರಿ. ಮನೆಗೆ ಹೋದರೆ ಮತ್ತೆ ಅದೇ.

ಇಂಜೆಕ್ಷನ್ ನಿಲ್ಲಿಸೋಣವೆಂದರೆ ಕಾಲಿನಲ್ಲಿ ಗಾಯ. ಹಿಂದೆ ಸಕ್ಕರೆ ಏರಿದಾಗ ಆದ ಗಾಯ ಅದು. ಆಗಷ್ಟೇ ಒಣಗುತ್ತಾ ಬಂದಿತ್ತು. ನಿಲ್ಲಿಸಿದರೆ ಕಾಲು ಹೋದೀತು. ಮುಂದುವರಿಸಿದರೆ, ಡಾಕ್ಟರು ಹೇಳಿದಂತೆ, ಇನ್ನೊಮ್ಮೆ ಹೀಗಾದಾಗ ಹೊತ್ತಿಗೆ ಸರಿಯಾಗಿ ಯಾರೂ ನೋಡದಿದ್ದರೆ ಏಳುವರೋ ಇಲ್ಲವೋ. ಅವರ ಮಗ ವಾರ್ಡಿನ ಹೊರಗೆ ನಿಂತು ಹೇಳುತ್ತಿದ್ದುದು ಈಗಲೂ ನೆನಪಿದೆ: “ಸೂಜಿ ಬೇಡ ಡಾಕ್ಟ್ರೇ. ಕಾಲು ಹೋದ್ರೆ ಹೋಗ್ಲಿ, ನಾನು ಎತ್ತಿಕೊಂಡು ತಿರುಗ್ತೇನೆ. ಅಮ್ಮ ಉಳಿಲಿ.”

ಮೇಡಂ ಅಮ್ಮನ ಮಂಚದ ಬದಿಯಲ್ಲಿ ಕೂತು ಕೇಳಿದರು, “ಅಮ್ಮ, ಈ ಮಕ್ಕಳಿಗೆ ಕಲೀಲಿಕ್ಕೆ ನಿಮ್ಮ ವಿಷಯ ಬೇಕು. ಆದೀತಾ?”

“ನನ್ನತ್ರ ಎಂತ ಉಂಟು ಕಲೀಲಿಕ್ಕೆ?” ಅಂದರು ಅಮ್ಮ. ಆಮೇಲೆ ನಮ್ಮನ್ನೆಲ್ಲ ನೋಡಿ, “ಮಕ್ಕಳದ್ದು ಊಟ ಆಯ್ತಾ?” ಅಂದರು. “ಆಯ್ತು ಅಮ್ಮ,” ಅಂದೆವು.

ಏಲಕ್ಕಿ ಕ್ಲಾಸಿನ ಬೋರ್ಡು ತುಂಬಿತು. ಮಗ ಅಳತೆ ತಪ್ಪುತ್ತಾನೋ? ಸಿರಿಂಜು ಬೇರೆಯದೋ? ಬಾಟಲಿ ಎಲ್ಲಿ ಇಡುತ್ತಾರೆ? ಯಾರಾದರೂ ಸಕ್ಕರೆ ಕಾಯಿಲೆಗೆಂದು ಬೇರೆ ಮದ್ದು ಕೊಟ್ಟಿದ್ದಾರೋ? ಮೂತ್ರಪಿಂಡ ಸರಿ ಉಂಟಾ? ಒಂದೊಂದನ್ನೇ ಕೇಳಿ, ಓದಿ, ಪರೀಕ್ಷೆಯ ಚೀಟಿ ನೋಡಿ ಅಳಿಸುತ್ತಾ ಬಂದೆವು. ರಮ್ಲಾ ಮಾತ್ರ ಮೂರನೇ ಮನೆಯಲ್ಲಿ ಒಂದು ಸಾಲು ಬರೆದಳು: ‘ಭಾನುವಾರ ಯಾಕೆ ಆಗುವುದಿಲ್ಲ?’ ಮೂರು ಸಲವೂ ವಾರದ ನಡುವೆಯೇ ಆದದ್ದು ಅಂತ ಅವಳು ಮಗನನ್ನು ಕೇಳಿ ಬಂದಿದ್ದಳು.

“ಭಾನುವಾರ ಮೀನು ಮಾಡ್ತಾರೆ,” ಅಂದ ಮಾಸ್ಕಿನೊಳಗಿಂದ ಎದ್ದ ನಮ್ಮ ಗೆಳೆಯ. “ಅಮ್ಮ ಗಟ್ಟಿ ಊಟ ಮಾಡ್ತಾರೆ.”

“ಅಂದಾಜು ಒಳ್ಳೆದುಂಟು,” ಅಂದರು ಮೇಡಂ. “ಕೇಳಿದ್ದೀಯಾ?”

ಅಮ್ಮ ಮನೆಗೆ ಹೋದ ಕೆಲವು ದಿನಗಳಲ್ಲಿ ಕಲ್ಲುಗುಂಡಿಗೆ ಹೊರಟದ್ದು ನಾನು, ರಮ್ಲಾ, ಭವ್ಯ ಮತ್ತು ಮೇಡಂ. ಬೆಳಿಗ್ಗೆ ಬೇಗ ತಲುಪಬೇಕೆಂದು ಹಾಸ್ಟೆಲಿನ ಅಡುಗೆಯವರು ಒಲೆ ಹಚ್ಚುವ ಮೊದಲೇ ಬಸ್ ಸ್ಟ್ಯಾಂಡಿಗೆ ಓಡಿದ್ದೆವು. ತಡವಾಗಿ ಬಂದ ಮಡಿಕೇರಿ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ರಸ್ತೆ ಬದಿಯಲ್ಲಿ ಇಳಿದೆವು. ಬಿಸಿಲು ಏರುತ್ತಿತ್ತು. ತೋಟದಲ್ಲಿ ಪ್ರತಿ ಮರಕ್ಕೂ ಒಂದೊಂದು ತೆಂಗಿನ ಗೆರಟೆ ಕಟ್ಟಿ, ಅದಕ್ಕೆ ರಬ್ಬರ್ ಹಾಲು ಇಳಿಯುತ್ತಿತ್ತು. ಮಗ ನಮ್ಮನ್ನು ಕಂಡು ಮರ ಗೀರುವ ಟ್ಯಾಪಿಂಗ್ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದ. ಅವನ ಹೆಂಡತಿ ಅಂಗನವಾಡಿ ಕೆಲಸಕ್ಕೆ ಹೋಗಿಯಾಗಿತ್ತು.

ಅಮ್ಮ ಬಾಗಿಲಿಗೆ ಬಂದರು. “ತಿಂಡಿ ಆಯ್ತಾ ಮಕ್ಕಳೇ?”

“ಆಯ್ತು ಅಮ್ಮ,” ಅಂದೆವು ಮೂವರೂ ಒಟ್ಟಿಗೆ. ನನ್ನ ಹೊಟ್ಟೆ ಅದೇ ಹೊತ್ತಿಗೆ ಗುರ್ರೆಂದಿತು. ಪುಣ್ಯಕ್ಕೆ ನಾಯಿ ಬೊಗಳುತ್ತಿತ್ತು.

ನಾವು ನೋಡಬೇಕಾದ್ದನ್ನೆಲ್ಲ ನೋಡಿದೆವು. ಫ್ರಿಜ್ಜಿನ ಬಾಗಿಲಲ್ಲಿ ಇನ್ಸುಲಿನ್ ಬಾಟಲಿ ಸರಿಯಾಗಿತ್ತು. ಸಿರಿಂಜು ಸರಿಯಾದದ್ದೇ. ಮಗ ಅಳತೆ ತೆಗೆದು ತೋರಿಸಿದ. ನಮಗಿಂತ ನಿಧಾನ, ಆದರೆ ಒಂದು ಗೆರೆ ಆಚೀಚೆ ಇಲ್ಲ. ದಿನಾ ಬೆಳಿಗ್ಗೆ ಆರಕ್ಕೆ, ತಾನು ಟ್ಯಾಪಿಂಗಿಗೆ ಹೋಗುವ ಮೊದಲು ಸೂಜಿ ಕೊಡುತ್ತೇನೆ ಅಂದ. “ಸೂಜಿ ಕೊಟ್ಟ ಮೇಲೆ ಅರ್ಧ ಗಂಟೆಯೊಳಗೆ ತಿನ್ನಬೇಕು ಅಂತ ಆಸ್ಪತ್ರೆಯಲ್ಲಿ ಹೇಳಿದ್ದು ಅಮ್ಮನಿಗೆ ಬಾಯಿಪಾಠ ಉಂಟು,” ಅಂತಲೂ ಸೇರಿಸಿದ. ತಿರುಗಿ ಕೇಳಿದ, “ಅಮ್ಮ, ತಿಂಡಿ ಆಗಿದೆ ಅಲ್ವಾ?”

“ಆಯ್ತು, ಆಯ್ತು. ನೀನು ಹೋಗು, ಹಾಲು ಗಟ್ಟಿ ಆಗ್ತದೆ.”

ಮಗ ತೋಟಕ್ಕೆ ಹೋದ. ನಾನು ಕೈಯಲ್ಲಿದ್ದ ಹಾಳೆಯ ‘ಗೊತ್ತು’ ಮನೆಯಲ್ಲಿ ‘ತಿಂಡಿ ಆಗಿದೆ’ ಅಂತ ಬರೆದೆ. ಎಲ್ಲ ಸರಿ ಉಂಟು, ಮತ್ತೆ ಯಾಕೆ ಹೀಗಾಗುತ್ತದೆ ಅಂತ ಮೂವರೂ ಜಗಲಿಯಲ್ಲಿ ನಿಂತು ತಲೆ ಕೆರೆದುಕೊಂಡೆವು.

ಕಟಕ್.

ಕ್ಲಾಸಿನ ಕೊನೆಯಲ್ಲದೆ ಏಲಕ್ಕಿ ಒಡೆದ ಸದ್ದು ನಾವು ಕೇಳಿದ್ದೇ ಇಲ್ಲ. ಮೇಡಂ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು, “ನಿನ್ನ ತಿಂಡಿ ಆಯ್ತಾ?”

“ಇಲ್ಲ ಮೇಡಂ. ಹಾಸ್ಟೆಲಲ್ಲಿ ಒಲೆಯೇ ಹಚ್ಚಿರಲಿಲ್ಲ ಅಲ್ವಾ?”

“ಮತ್ತೆ ಅಮ್ಮನ ಹತ್ರ ಆಯ್ತು ಅಂದೆ?”

“ಅದು... ಹಾಗೆ ಹೇಳುದಲ್ವಾ ಮೇಡಂ? ಇಲ್ಲ ಅಂದ್ರೆ ಹಾಕಿ ಅಂದ ಹಾಗೆ ಆಗ್ತದೆ.”

ಮೇಡಂ ಡಬ್ಬಿ ತೆಗೆದು ಇನ್ನೊಂದು ಏಲಕ್ಕಿ ಕೆನ್ನೆಗೆ ಇಟ್ಟುಕೊಂಡು, ಅಂಗಳದ ತುದಿಯಲ್ಲಿ ಕಾಯುತ್ತಿದ್ದ ಕೋಳಿಗಳನ್ನು ನೋಡುತ್ತಾ ನಿಂತರು.

ಒಮ್ಮೊಮ್ಮೆ ಏನಾಗುತ್ತದೆಂದರೆ, ನಮ್ಮದೇ ಮಾತು ತಿರುಗಿ ಬಂದು ನಮ್ಮ ಬೆನ್ನಿಗೇ ಬಡಿಯುತ್ತದೆ. ನನ್ನ ಅಜ್ಜಿ ಯಾರ ಮನೆಗೆ ಹೋಗುವಾಗಲೂ ಹೇಳಿಕೊಡುತ್ತಿದ್ದರು: ಕೇಳಿದರೆ ಆಯಿತು ಅನ್ನಬೇಕು, ಮೂರು ಸಲ ಒತ್ತಾಯ ಮಾಡಿದ ಮೇಲೆ ಕೂರಬೇಕು. ಭವ್ಯನ ಮನೆಯಲ್ಲಿ ಅದೇ, ರಮ್ಲಾನ ಮನೆಯಲ್ಲಿ ಅದೇ. ತುಳುವಿನಲ್ಲಿ ಕೇಳಿದರೂ ಅದೇ ಉತ್ತರ, ಅರೆಭಾಷೆಯಲ್ಲಿ ಕೇಳಿದರೂ ಅದೇ. ನಮ್ಮ ಊರಿನಲ್ಲಿ ಆ ಪ್ರಶ್ನೆಗೆ ‘ಆಯ್ತು’ ಅಂದವನ ಹೊಟ್ಟೆ ತುಂಬಿದೆ ಅಂತ ಯಾರು ಸಾಕ್ಷಿ ಹೇಳಿಯಾರು? ನಾನು ಹಾಳೆಯಲ್ಲಿ ಬರೆದದ್ದನ್ನು ಹೊಡೆದು ಹಾಕಿ ಮೂರನೇ ಮನೆಗೆ ಸಾಗಿಸಿದೆ. ಆಮೇಲೆ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ.

“ಅಮ್ಮ, ಸತ್ಯ ಹೇಳ್ಬೇಕಾದ್ರೆ ನಮ್ಮದು ತಿಂಡಿ ಆಗ್ಲಿಲ್ಲ.”

ಅಮ್ಮನ ಮುಖ ಅರಳಿದ್ದನ್ನು ನೋಡಬೇಕಿತ್ತು. “ಎಂತ ಮಕ್ಕಳಪ್ಪಾ ನೀವು! ಆಗಲೇ ಹೇಳುದಲ್ವಾ? ಬಾ, ಬಾ, ಕೂತ್ಕೋ. ಆ ಹುಡುಗಿಯರನ್ನೂ ಕರಿ. ನಿಮ್ಮ ಮೇಡಂ ಅವರನ್ನೂ ಕರಿ.” ಒಲೆಯ ಮೇಲೆ ಕಾವಲಿ ಕಾದಿತ್ತು. ಪಕ್ಕದಲ್ಲಿ ನೀರು ದೋಸೆ ಮಡಚಿ ಮಡಚಿ ಎತ್ತರಕ್ಕೆ ಪೇರಿಸಿಟ್ಟಿತ್ತು, ಮದುವೆ ಮನೆಯ ಹಾಗೆ. ನಮಗೆ ಬಟ್ಟಲು ಇಟ್ಟರು, ಚಟ್ನಿ ಹಾಕಿದರು.

“ನೀವೂ ಕೂತ್ಕೊಳ್ಳಿ ಅಮ್ಮ, ಒಟ್ಟಿಗೆ ತಿನ್ನುವ,” ಅಂದಳು ರಮ್ಲಾ.

“ನಂದು ಆಮೇಲೆ.”

“ಆಮೇಲೆ ಅಂದ್ರೆ?”

“ಆಳುಗಳದ್ದು ಆಗ್ಬೇಕಲ್ಲ ಮಗಳೇ. ಈಗ ಬರ್ತಾರೆ. ಅವರು ಒಂಬತ್ತು, ಒಂಬತ್ತೂವರೆ ಮಾಡ್ತಾರೆ. ಕೆಲವು ದಿನ ಹತ್ತೂ ಆಗ್ತದೆ. ತೋಟದಲ್ಲಿ ಬಗ್ಗಿ ಕೆಲಸ ಮಾಡುವವರು ಹಸಿದಿರುವಾಗ ಮನೆಯಲ್ಲಿ ಕೂತವಳು ಮೊದಲು ತಿನ್ನುದಾ? ನನ್ನ ಅತ್ತೆ ಇರುವಾಗಿಂದ ನಾನು ಹಾಗೆ ತಿಂದದ್ದಿಲ್ಲ.”

“ಭಾನುವಾರ ಆಳುಗಳು ಬರುದಿಲ್ಲ,” ಅಂದಳು ರಮ್ಲಾ, ಯಾರಿಗೂ ಅಲ್ಲ, ತನಗೇ.

ನಾನು ಗಡಿಯಾರ ನೋಡಿದೆ. ಆರಕ್ಕೆ ಕೊಟ್ಟ ಸೂಜಿ, ಈಗ ಗಂಟೆ ಒಂಬತ್ತು ದಾಟಿತ್ತು. ತಲೆ ಎತ್ತಿ ನೋಡಿದರೆ ಅಮ್ಮನ ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು. ಒಲೆಯ ಕಾವಿಗೆ ಅಂದುಕೊಂಡಿದ್ದೆ. ಸೌಟು ಹಿಡಿದ ಕೈ ನಡುಗಿ ಹಿಟ್ಟು ಕಾವಲಿಯ ಹೊರಗೆ ಚೆಲ್ಲಿತು. “ಎಂತ, ಕಣ್ಣು ಒಂಥರಾ...” ಅಂದರು ಅಮ್ಮ.

ಮೇಡಂ ನುಗ್ಗಿ ಬಂದು ಅವರ ಎರಡೂ ಭುಜ ಹಿಡಿದರು. “ಭವ್ಯ, ಒಲೆ ಆರಿಸು. ರಮ್ಲಾ, ಸಕ್ಕರೆ ನೀರು, ಬೇಗ. ನೀನು ಮಿಷನ್ ತೆಗಿ.” ಬಾಯಲ್ಲಿದ್ದ ಏಲಕ್ಕಿ ಯಾವಾಗ ಎಲ್ಲಿ ಹೋಯಿತೋ ಗೊತ್ತಿಲ್ಲ. ಚೀಟಿಯೂ ಇಲ್ಲ, ಮೂರು ಮನೆಯೂ ಇಲ್ಲ. ನಮಗೆ ಹೇಳಿದ್ದು ಒಂದೆರಡು ಶಬ್ದದಲ್ಲಿ, ಸ್ಪಷ್ಟ. ಅಮ್ಮ ಎಚ್ಚರ ಇದ್ದಾರೆ, ನುಂಗುತ್ತಾರೆ ಅಂತ ನೋಡಿಕೊಂಡೇ ಲೋಟವನ್ನು ಅವರ ತುಟಿಗೆ ಹಿಡಿದರು. ನಾನು ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಮಿಷನಿನಲ್ಲಿ ನೋಡಿದೆ. ಸಕ್ಕರೆ ತೀರಾ ಕೆಳಗಿತ್ತು. ಸ್ವಲ್ಪ ಹೊತ್ತಿಗೆ ಅಮ್ಮ ಸುಧಾರಿಸಿಕೊಂಡು, “ಹೋಯ್ತು ಮಾರಾಯ್ತಿ, ಈಗ ಅಡ್ಡಿಲ್ಲ,” ಅಂದರು. ಮೇಡಂ ಅವರ ಬಾಯಿಗೆ ಒಂದೊಂದೇ ತುಂಡು ದೋಸೆ ಹಾಕಿದರು. ಅಮ್ಮ ನಾಚಿಕೆಯಿಂದ ಬಾಗಿಲ ಕಡೆ ನೋಡುತ್ತಾ ತಿಂದರು.

ಅಷ್ಟರಲ್ಲಿ ಆಳುಗಳು ಬಂದರು, ಹಾಲಿನ ಬಕೆಟು ಹಿಡಿದ ಮಗನೂ ಬಂದ. ವಿಷಯ ಕೇಳಿ ಅವನು ಬಕೆಟನ್ನು ಇಡಲೂ ಮರೆತು ನಿಂತ. “ಅಮ್ಮ, ದಿನಾ ಕೇಳಿದ್ರೆ ಆಯ್ತು ಅಂತೀಯಲ್ಲ!”

“ನೀನು ಕೇಳಿದ್ದು, ನಾನು ಹೇಳಿದ್ದು. ಅದಕ್ಕೆಂತ ಲೆಕ್ಕ ಉಂಟಾ?”

ಭವ್ಯ ಪುಸ್ತಕದಲ್ಲಿದ್ದ ಹಾಗೆ ಬುದ್ಧಿ ಹೇಳಲು ಹೊರಟಳು. ಸೂಜಿ ಆದ ಅರ್ಧ ಗಂಟೆಗೆ ನೀವು ತಿನ್ನಲೇಬೇಕು, ಬೇರೆಯವರಿಗಾಗಿ ಕಾಯಬಾರದು ಅಂತೆಲ್ಲ. ಅಮ್ಮ ತಾಳ್ಮೆಯಿಂದ ಕೇಳಿ, “ಅದೊಂದು ನನ್ನಿಂದ ಆಗ್ಲಿಕ್ಕಿಲ್ಲ ಮಗಳೇ,” ಅಂದರು. ಕೋಪವಿಲ್ಲ, ಹಠವಿಲ್ಲ, ಮಳೆ ಬರುವುದಿಲ್ಲ ಅಂದ ಹಾಗೆ. ನಾವು ಮೇಡಂ ಮುಖ ನೋಡಿದೆವು. ಅವರ ಎಡ ಕೆನ್ನೆ ಮತ್ತೆ ಉಬ್ಬಿತ್ತು. ಅಂದರೆ ಇನ್ನು ಸರದಿ ನಮ್ಮದು.

ಆ ಅಡುಗೆಮನೆಯಲ್ಲಿ ಬೋರ್ಡಿರಲಿಲ್ಲ. ಎಲ್ಲರೂ ನೆಲದಲ್ಲಿ ಕೂತೇ ಮಾತಾಡಿದೆವು. ಅಮ್ಮ ಬದಲಾಗುವುದಿಲ್ಲ, ಸರಿ. ಸೂಜಿಯ ಹೊತ್ತು ಬದಲಾಗಬಾರದೇ? ಒಂಬತ್ತಕ್ಕೆ ಸೂಜಿ ಕೊಟ್ಟರೆ? “ನಾನು ಹಾಲು ತರ್ಲಿಕ್ಕೆ ಹೇಗೂ ಆ ಹೊತ್ತಿಗೆ ಬರ್ತೇನೆ,” ಅಂದ ಮಗ. ಆದರೆ ಸೂಜಿ ಕೊಟ್ಟ ಮೇಲೂ ಅಮ್ಮ ಬಡಿಸುತ್ತಾ ನಿಂತರೆ? ಆಗ ಆಳುಗಳಲ್ಲಿ ಎಲ್ಲರಿಗಿಂತ ಹಿರಿಯ, ಅಷ್ಟು ಹೊತ್ತು ಬೀಡಿ ಹಚ್ಚದೆ ಕೈಯಲ್ಲೇ ಹಿಡಿದು ಕೂತಿದ್ದವನು, ಬಾಯಿ ಬಿಟ್ಟ.

“ಅಮ್ಮ ಬಟ್ಟಲು ಮುಂದೆ ಇಟ್ಟು ಕೂರದೆ ನಾವು ಕೈ ತೊಳೆಯುದಿಲ್ಲ. ಇನ್ನು ಹಾಗೆ.”

“ಹಸಿದು ಕೂರ್ತೀರಾ?” ಅಂತ ಗದರಿದರು ಅಮ್ಮ.

“ಕೂರ್ತೇವೆ. ನಿಮಗೆ ನೋಡ್ಲಿಕ್ಕೆ ಆಗ್ತದಾ?”

ಅಮ್ಮ ತಮ್ಮ ಬಟ್ಟಲನ್ನು ಹತ್ತಿರ ಎಳೆದುಕೊಂಡರು. ಮೇಡಂ ಕೆನ್ನೆಯಲ್ಲಿ ಕಟಕ್ ಅಂತ ಕೇಳಿಸಿತು. ಅವರು ಹೇಳಿದ್ದು ಇಷ್ಟೇ: “ಡಾಕ್ಟರನ್ನು ಕೇಳದೆ ಹೊತ್ತು ಬದಲಿಸುದು ಬೇಡ. ನಾಳೆಯೇ ಕೇಳುವ.” ಡಾಕ್ಟರು ಒಪ್ಪಿದರು, ಅಳತೆಯನ್ನೂ ಸ್ವಲ್ಪ ತಿದ್ದಿದರು. ಬಟ್ಟಲು ಎದುರಿಗೆ ಬಂದ ಮೇಲೆಯೇ ಸೂಜಿ, ಸೂಜಿಯ ಬೆನ್ನಿಗೇ ತಿಂಡಿ ಅಂತ ಆಯಿತು.

ವಾಪಸ್ಸು ಬರುವ ಬಸ್ಸಿನಲ್ಲಿ ಮೇಡಂ ಪಕ್ಕ ಜಾಗ ಸಿಕ್ಕಿತು. “ಮೇಡಂ, ನಿಮಗೆ ಮೊದಲೇ ಗೊತ್ತಿತ್ತಾ?” ಅಂದೆ.

“ಗೊತ್ತಿದ್ರೆ ಅವರನ್ನು ಮೂರು ಸಲ ಬೀಳ್ಲಿಕ್ಕೆ ಬಿಡ್ತಿದ್ದೆನಾ ಮಾರಾಯ? ವಾರ್ಡಿನಲ್ಲಿ ದಿನಾ ಊಟ ಆಯ್ತಾ ಅಂತ ಕೇಳಿ, ಆಯ್ತು ಅಂದದ್ದನ್ನು ನಂಬಿ ಬಂದವಳು ನಾನೂ. ನೀವು ಮೂವರು ಬಾಗಿಲಲ್ಲಿ ಆಯ್ತು ಅಂದ್ರಲ್ಲ, ನಿನ್ನ ಹೊಟ್ಟೆ ಗುರ್ ಅಂತು, ಆಗ ನಂಗೆ ಒಂದು ಸಂಶಯ ಬಂತು. ಸಂಶಯ ಮಾತ್ರ.” ಕಿಟಕಿಯ ಹೊರಗೆ ನೋಡುತ್ತಾ ಸೇರಿಸಿದರು, “ನಾಯಿ ಬೊಗಳಿದ್ರೂ ಕೇಳಿಸ್ತು.”

ಕಲ್ಲುಗುಂಡಿಯ ಅಮ್ಮ ಆಮೇಲೆ ಆಸ್ಪತ್ರೆಗೆ ಬಂದದ್ದು ಕಾಲಿನ ಗಾಯಕ್ಕೆ ಪಟ್ಟಿ ಹಾಕಿಸಲು, ತಮ್ಮ ಕಾಲಲ್ಲೇ ನಡೆದುಕೊಂಡು. ನಾವು ಕಲಿತು ಮುಗಿಸುವವರೆಗೂ ಪ್ರಜ್ಞೆ ತಪ್ಪಿ ಒಮ್ಮೆಯೂ ಬರಲಿಲ್ಲ. ಬಂದಾಗಲೆಲ್ಲ ವಾರ್ಡಿನ ಬಾಗಿಲಲ್ಲೇ, “ತಿಂಡಿ ಆಯ್ತಾ ಮಕ್ಕಳೇ?” ಅಂತ ಕೇಳುತ್ತಿದ್ದರು. ರಮ್ಲಾ ಪ್ರತಿ ಸಲವೂ, “ಇಲ್ಲ ಅಮ್ಮ!” ಅಂತ ಕೈ ಚಾಚುತ್ತಿದ್ದಳು. ಚೀಲದಿಂದ ಹಲಸಿನ ಹಪ್ಪಳವೋ ಬಾಳೆಹಣ್ಣೋ ಹೊರಬರುತ್ತಿತ್ತು. ಅವಳ ತಿಂಡಿ ಎಷ್ಟೋ ಸಲ ಆಗಿಯೇ ಇರುತ್ತಿತ್ತು ಅನ್ನುವುದು ಬೇರೆ ಮಾತು.

ಮೇಡಂ ಪಾಠ ಮಾಡಿದ್ದು ಏನು ಅಂತ ಯಾರಾದರೂ ಕೇಳಿದರೆ ನಾನು ಒಂದು ಪುಟ ನೋಟ್ಸು ತೋರಿಸಲಾರೆ. ಈಗ ಕಡಬದ ಕಡೆಯ ಒಂದು ಆರೋಗ್ಯ ಕೇಂದ್ರದಲ್ಲಿ ಕೆಲಸ. ‘ಗಂಡು ಸಿಸ್ಟರು’ ಅಂತ ಹಿಂದೆ ನಗುತ್ತಿದ್ದ ಅಜ್ಜಂದಿರೇ ಈಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಬಂದವರನ್ನು ನಾನು ಮಾತ್ರೆ ತಗೊಂಡ್ರಾ ಅಂತ ಕೇಳುವುದಿಲ್ಲ. ಯಾವ ಬಣ್ಣದ್ದು, ಯಾವಾಗ, ಆಗ ಬಟ್ಟಲಲ್ಲಿ ಎಂತ ಇತ್ತು, ಪಕ್ಕದಲ್ಲಿ ಯಾರಿದ್ರು ಅಂತ ಕೇಳುತ್ತೇನೆ. ಹೊಸದಾಗಿ ಬಂದ ಹುಡುಗಿಯರು, “ಸರ್, ನೀವು ಪೊಲೀಸರ ಹಾಗೆ ಕೇಳ್ತೀರಿ,” ಅಂತ ತಮಾಷೆ ಮಾಡುತ್ತಾರೆ. ಅವರು ನನ್ನನ್ನು ಏನಾದರೂ ಕೇಳಿದರೆ ಉತ್ತರ ನಾಲಿಗೆಯ ತುದಿಗೆ ಬಂದು ಕೂರುತ್ತದೆ. ನನ್ನ ಮೇಜಿನ ಖಾನೆಯಲ್ಲೂ ಒಂದು ಡಬ್ಬಿ ಉಂಟು.

ಕಡಬಕ್ಕೆ ಬರುವ ಮೊದಲು ನಾನು ಪುತ್ತೂರಿನ ಒಂದು ಆಸ್ಪತ್ರೆಯಲ್ಲಿದ್ದೆ. ಮೇಡಂ ನಿವೃತ್ತರಾಗಿ ಅದೇ ಊರಿನ ದರ್ಬೆಯಲ್ಲಿ ತಂಗಿಯ ಜೊತೆ ಇದ್ದರು. ಒಂದು ದಿನ ನನ್ನ ವಾರ್ಡಿಗೇ ಬಂದರು, ಹೃದಯದ ತೊಂದರೆ. ಕೆನ್ನೆ ಎರಡೂ ಒಳಗೆ ಹೋಗಿದ್ದವು. ಬಿಳಿ ಹಾಸಿಗೆಯ ಮೇಲೆ ಅವರನ್ನು ಕಂಡು ಏನು ಮಾತಾಡಬೇಕೆಂದು ತೋಚದೆ ನಾನು ಕೇಳಿದೆ, “ಊಟ ಆಯ್ತಾ ಮೇಡಂ?”

“ಆಯ್ತು.”

ಹೇಳಿದ ಮೇಲೆ ಅವರೇ ನನ್ನ ಮುಖ ನೋಡಿದರು. ಆಮೇಲೆ ಇಬ್ಬರಿಗೂ ನಗು ಬಂತು. ಅವರಿಗೆ ನಕ್ಕರೆ ಉಸಿರು ಕಟ್ಟುತ್ತಿತ್ತು, ಆದರೂ ನಕ್ಕರು. ಮಂಚದ ಪಕ್ಕದಲ್ಲಿ ಆಸ್ಪತ್ರೆಯ ಗಂಜಿ ಮುಚ್ಚಿದ ಹಾಗೇ ತಣ್ಣಗಾಗಿತ್ತು. ಅದನ್ನು ಬಿಸಿ ಮಾಡಿಸಿ ತಂದು ಕೂತೆ.

“ಸರಿಯಾಗಿ ಕೇಳ್ಬೇಕು ಮಾರಾಯ,” ಅಂದರು, ಒಂದೊಂದು ಚಮಚ ನುಂಗುತ್ತಾ. “ನನ್ನ ಹತ್ರ ಕಲಿತವ ನೀನು.”

ಆ ಸಲ ಹುಷಾರಾಗಿ ಮನೆಗೆ ಹೋದರು. ಮತ್ತೊಂದು ವರ್ಷ ಇದ್ದರು. ನಾನು ಕಡಬಕ್ಕೆ ಬಂದ ಮೇಲೆ, ಒಂದು ಬೆಳಿಗ್ಗೆ ಭವ್ಯ ಫೋನ್ ಮಾಡಿದಳು. ಮೇಡಂ ನಿದ್ದೆಯಲ್ಲೇ ಹೋದರಂತೆ.

ಉತ್ತರಕ್ರಿಯೆಯ ದಿನ ಬೇಗ ಹೊರಡಬೇಕೆಂದಿದ್ದೆ. ಹೊರಡುವ ಹೊತ್ತಿಗೆ ಹಾವು ಕಚ್ಚಿದ ಒಬ್ಬನನ್ನು ತಂದರು. ಅವನನ್ನು ಆಂಬ್ಯುಲೆನ್ಸಿಗೆ ಹತ್ತಿಸಿ ಬಸ್ಸು ಹಿಡಿದು ದರ್ಬೆಗೆ ಮುಟ್ಟುವಾಗ ಮಧ್ಯಾಹ್ನ ಕಳೆದು ಎಷ್ಟೋ ಹೊತ್ತಾಗಿತ್ತು. ರಮ್ಲಾ, ಭವ್ಯ ಬಂದು ಹೋಗಿದ್ದರು. ಅಂಗಳದ ಶಾಮಿಯಾನದ ಹಗ್ಗ ಬಿಚ್ಚುತ್ತಿದ್ದರು. ಹಿತ್ತಿಲಲ್ಲಿ ದೊಡ್ಡ ಪಾತ್ರೆ ತಿಕ್ಕುವ ಸದ್ದು. ಜಗಲಿಯ ಮೇಲೆ ಮೇಡಂ ಫೋಟೊ ಇಟ್ಟಿದ್ದರು. ನಾನು ಕೈ ಮುಗಿದೆ. ಅವರ ತಂಗಿ ಹೊರಗೆ ಬಂದರು. ಅತ್ತು ಅತ್ತು ಕಣ್ಣು ಸಣ್ಣದಾಗಿತ್ತು.

“ಕಡಬದಿಂದ ಬಂದದ್ದಲ್ವಾ? ಅಕ್ಕ ಹೇಳ್ತಿದ್ರು ನಿಮ್ಮ ವಿಷಯ. ಊಟ ಆಯ್ತಾ?”

ಪಾತ್ರೆಗಳನ್ನೆಲ್ಲ ತೊಳೆದು ಬೋರಲು ಹಾಕುತ್ತಿರುವುದು ಕಾಣುತ್ತಿತ್ತು. ನಾಲಿಗೆಯ ತುದಿಗೆ ಒಂದು ಮಾತು ಬಂತು. ನುಂಗಿಕೊಂಡೆ.

“ಇಲ್ಲ ಅಕ್ಕ,” ಅಂದೆ. “ನಿಮ್ಮದು?”

“ನಂದು ಆಯ್ತು.”

“ಎಂತ ಉಂಡಿರಿ?”

ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡು ಫೋಟೊದ ಕಡೆ ಒಮ್ಮೆ ನೋಡಿದರು. ಆಮೇಲೆ ಒಳಗೆ ತಿರುಗಿ, ಎರಡು ಎಲೆ ಹಾಕಲು ಹೇಳಿದರು.